ಓದುಗರ ಪ್ರಶ್ನೆ: ಅಮೆರಿಕದ ಗಡಿಯಾರ ಇಲ್ಲೇಕೆ ನಿಧಾನ?

ಪ್ರಶ್ನೆ: ಅಮೆರಿಕದಲ್ಲಿರುವ ಮಗಳು ಪ್ಲಗ್‌ಗೆ ಹಾಕುವ ಡಿಜಿಟಲ್ ಅಲಾರಂ ಗಡಿಯಾರ ತಂದುಕೊಟ್ಟಿದ್ದಾಳೆ. ಕರೆಂಟನ್ನು 110 ವೋಲ್ಟ್‌ಗೆ ಇಳಿಸುವ ಟ್ರಾನ್ಸ್‌ಫಾರ್ಮರ್ ಹಾಕಿಯೇ ಬಳಸುತ್ತಿದ್ದೇವೆ. ಆದರೂ ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತದೆ. ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ಪ್ಲಗ್‌ನಿಂದ ನಡೆಯುವ ಹಲವು ಗಡಿಯಾರಗಳು ಎಸಿ ಕರೆಂಟಿನ (ಹಿಂದೆಮುಂದೆ ದಿಕ್ಕು ಬದಲಿಸುತ್ತ ಹರಿಯುವ ಮನೆ ಕರೆಂಟಿನ) ಆವರ್ತಗಳನ್ನೇ ಎಣಿಸಿ ಸಮಯ ತೋರಿಸುತ್ತವೆ. ಅಮೆರಿಕದಲ್ಲಿ ಅವು ಸೆಕೆಂಡಿಗೆ 60, ನಮ್ಮಲ್ಲಿ 50. ನಿಮ್ಮ ಗಡಿಯಾರ 60 ಎಣಿಸಿದ ಮೇಲೆಯೇ ಒಂದು ಸೆಕೆಂಡ್ ಆಯಿತೆನ್ನುತ್ತದೆ. ಹಾಗಾಗಿ ದಿನಕ್ಕೆ 20 ಗಂಟೆಯಷ್ಟೇ ಓಡುತ್ತದೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆಯೇ ಹೊರತು ಹರ್ಟ್ಸ್, ಅಂದರೆ ಸೆಕೆಂಡಿನ ಆವರ್ತಗಳ ಸಂಖ್ಯೆ, ಬದಲಿಸುವುದಿಲ್ಲ. ಗಡಿಯಾರದ ತಳದಲ್ಲಿ 50/60 ಎಂಬ ಸ್ವಿಚ್ ಇದೆಯೇ ನೋಡಿ. ಇದ್ದರೆ 50ಕ್ಕೆ ತಳ್ಳಿದರಾಯಿತು. ಇಲ್ಲದಿದ್ದರೆ ಅದಕ್ಕೆ ದುಡ್ಡು ಸುರಿಯಬೇಡಿ.

ಕರೆಂಟ್ ಹೋದಾಗಿನ ಆಸರೆಗೆಂದು ಇಂಥವುಗಳಲ್ಲಿ 9 ವೋಲ್ಟ್ ಬ್ಯಾಟರಿ ಹಾಕುವುದುಂಟು. ಆಗ ಎಣಿಕೆ ಒಳಗಿನ ಒಂದು ಒರಟು ಸರ್ಕ್ಯೂಟಿನ ಪಾಲಿಗೆ ಬರುತ್ತದೆ, ಲೆಕ್ಕ ತಪ್ಪುತ್ತದೆ. ಸೆಲ್ ಹಾಕುವ ಗಡಿಯಾರಕ್ಕೆ ಈ ರಗಳೆಯಿಲ್ಲ: ಅದರ ಕ್ವಾರ್ಟ್ಸ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಅದನ್ನು 15 ಸಲ ಅರ್ಧ ಮಾಡುತ್ತ ಹೋದರೆ ಸರಿಯಾಗಿ 1 ಉಳಿಯುತ್ತದೆ. ಆ ಸಂಖ್ಯೆ ಆರಿಸಿದ್ದೇ ಅದಕ್ಕೆ.

ಪ್ರಶ್ನೆ: ಸೆಲ್ ಹಾಕುವ ಎಲ್‌ಸಿಡಿ ಗಡಿಯಾರದಲ್ಲಿ 8 ಬರಬೇಕಾದಲ್ಲಿ 6, 9 ಬರಬೇಕಾದಲ್ಲಿ 5 ಕಾಣುತ್ತಿದೆ.

ಉತ್ತರ: ಪ್ರತಿ ಅಂಕಿಯೂ ಏಳು ಗೆರೆಗಳಿಂದಾದದ್ದು. ನಿಮ್ಮದರಲ್ಲಿ ಮೇಲಿನ ಬಲಗೆರೆ ಮೂಡುತ್ತಿಲ್ಲ. 1 ಬಂದಾಗ ಕೆಳಗಿನ ಅರ್ಧವಷ್ಟೇ ಕಂಡರೆ ಅದೇ ಖಚಿತ. ಗಾಜಿನ ಅಂಚನ್ನು ಮೆಲ್ಲಗೆ ಒತ್ತಿ. ಗೆರೆ ಮರಳಿದರೆ ಗಾಜಿಗೂ ಬೋರ್ಡಿಗೂ ನಡುವಿನ ರಬ್ಬರ್ ಪಟ್ಟಿ ಸರಿಯಾಗಿ ತಾಗುತ್ತಿಲ್ಲ. ಸೆಲ್ ತೆಗೆದು, ಬಿಚ್ಚಿ, ಪಟ್ಟಿಯನ್ನೂ ಅದು ತಾಗುವ ಜಾಗವನ್ನೂ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ, ಪೂರ್ತಿ ಒಣಗಿಸಿ. ಸ್ಕ್ರೂಗಳನ್ನು ಒಂದೊಂದಾಗಿ ಪೂರ್ತಿ ಬಿಗಿಯದೆ, ಎಲ್ಲವನ್ನೂ ಸ್ವಲ್ಪಸ್ವಲ್ಪವೇ ಸಮನಾಗಿ ಬಿಗಿಯಿರಿ. ಒಂದು ಕಡೆ ಹೆಚ್ಚು ಬಿಗಿದರೆ ಇನ್ನೊಂದು ಕಡೆಯ ಗೆರೆ ಹೋಗುತ್ತದೆ.

ಪ್ರಶ್ನೆ: ರೈಲು ಟಿಕೆಟಿನಲ್ಲಿ 15ನೇ ತಾರೀಖು, 00:20 ಎಂದಿದೆ. ಯಾವ ರಾತ್ರಿ ಹೊರಡಬೇಕು?

ಉತ್ತರ: 14ರ ರಾತ್ರಿ ಊಟ ಮುಗಿಸಿಕೊಂಡು. 24 ಗಂಟೆಯ ಲೆಕ್ಕದಲ್ಲಿ ನಡುರಾತ್ರಿಗೇ 00:00, ಅಲ್ಲಿಂದಲೇ ಹೊಸ ತಾರೀಖು. 12 ಗಂಟೆಯ ಗಡಿಯಾರದಲ್ಲಿ ಅದೇ ಹೊತ್ತು 12:20 ಎಎಂ. ಅಲಾರಂ ಇಡುವಾಗ ಮೂಲೆಯ ಪಿಎಂ ಚುಕ್ಕಿ ನೋಡಿಕೊಳ್ಳಿ. ಅದು ಬೆಳಗುತ್ತಿದ್ದರೆ ಬೆಳಗಿನ ಐದರ ಅಲಾರಂ ಸಂಜೆ ಐದಕ್ಕೆ ಬಡಿಯುತ್ತದೆ.