ಜಾಮೀನಿಗೆ ಸಹಿ ಕೇಳಿದ್ದಾರೆ, ಇಲ್ಲ ಅನ್ನೋದು ಹೇಗೆ?

ಪ್ರಶ್ನೆ: ನನಗೆ 38 ವರ್ಷ. ಸರ್ಕಾರಿ ಕಚೇರಿಯೊಂದರಲ್ಲಿ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕಿ), ಸಂಬಳದ ಬಿಲ್ ಮಾಡುವುದು ನನ್ನ ಕೆಲಸ. ಕೈಗೆ 41,000 ರೂಪಾಯಿ ಬರುತ್ತದೆ. 2021ರ ಮೇ ತಿಂಗಳಲ್ಲಿ ಅಪ್ಪನಿಗೆ ಕೋವಿಡ್ ಆದಾಗ, ನಮ್ಮ ಕಚೇರಿಯ ಹಿರಿಯರೊಬ್ಬರು ಬೆಡ್ ಹುಡುಕಲು ರಾತ್ರಿಯೆಲ್ಲ ಓಡಾಡಿದರು. ಅಪ್ಪ ಉಳಿದರು. ಈಗ ಅವರ ಮಗಳಿಗೆ ಸಿಇಟಿಯಲ್ಲಿ ಇಂಜಿನಿಯರಿಂಗ್ ಸೀಟು ಸಿಗುವ ಹಾಗಿದೆ. ನೌಕರರ ಸಹಕಾರ ಸಂಘದಲ್ಲಿ 6 ಲಕ್ಷ ಸಾಲಕ್ಕೆ ಅರ್ಜಿ ಹಾಕುತ್ತಿದ್ದಾರೆ. ‘ಸುಮ್ನೆ ಒಂದು ಸಹಿ ಕಣಮ್ಮ, ಬರೀ ಫಾರ್ಮಾಲಿಟಿ’ ಅಂತ ನನ್ನ ಜಾಮೀನು ಕೇಳಿದ್ದಾರೆ. ಅವರ ಸಂಬಳದಲ್ಲಿ ಆಗಲೇ ಎರಡು ಸಾಲದ ಕಂತು ಮುರಿಯುತ್ತಿದೆ, ಬಿಲ್ ಮಾಡುವ ನನಗೆ ಅದು ಗೊತ್ತು. ಮನೆಯಲ್ಲಿ ಹೇಳಿದರೆ ನನ್ನ ಗಂಡ ‘ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ’ ಅಂತ ಸಿಟ್ಟಾದರು. ಮೂರು ವಾರದಿಂದ ‘ನೋಡೋಣ ಸರ್’ ಅಂತ ತಪ್ಪಿಸಿಕೊಳ್ಳುತ್ತಿದ್ದೇನೆ. ಅವರು ಟೀಗೆ ಹೋಗುವ ಹೊತ್ತಿಗೆ ನಾನು ಹೋಗುವುದಿಲ್ಲ. ಇಲ್ಲ ಅಂದರೆ ನಾನು ಉಪಕಾರ ಮರೆತವಳಾಗುತ್ತೇನಾ? ಇನ್ನೊಂದು ಮಾತು: 2022ರಲ್ಲಿ ಬೇರೊಬ್ಬ ಸಹೋದ್ಯೋಗಿಯ ಒಂದೂವರೆ ಲಕ್ಷದ ಸಾಲಕ್ಕೆ ಸಹಿ ಹಾಕಿದ್ದೆ. ಅದೇನಾಯಿತೋ ಗೊತ್ತಿಲ್ಲ.
– ಹೆಸರು ಬೇಡ, ಚಿತ್ರದುರ್ಗ ಜಿಲ್ಲೆ

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಜಾಮೀನಿನ ವಿಷಯ ಅಲ್ಲ, ಆ ಟೀ ವಿಷಯ. ಐದು ವರ್ಷ ಗೌರವದಿಂದ ಕಂಡ ಮನುಷ್ಯ ಎದುರಿಗೆ ಬಂದರೆ ಈಗ ನೀವು ದಾರಿ ಬದಲಿಸುತ್ತಿದ್ದೀರಿ. ಅವರಿಗೂ ಅದು ಗೊತ್ತಾಗಿರುತ್ತದೆ. ನೀವು ಇಲ್ಲ ಅಂದರೆ ಅವರಿಗೆ ಒಂದು ದಿನ ಬೇಸರ ಆಗಬಹುದು. ‘ನೋಡೋಣ’ ಅಂದರೆ ದಿನಾ ಆಸೆ ಹುಟ್ಟುತ್ತದೆ, ದಿನಾ ಬೇಸರ ಆಗುತ್ತದೆ. ಜೊತೆಗೆ ಸೀಟು ಹಂಚಿಕೆ ಆದ ಮೇಲೆ ಶುಲ್ಕ ಕಟ್ಟಲು ಸಿಗುವುದು ಕೆಲವೇ ದಿನ. ಅಷ್ಟರಲ್ಲಿ ಅವರು ಬೇರೆ ದಾರಿ ಹುಡುಕಬೇಕು. ನಿಮ್ಮ ಉತ್ತರಕ್ಕೆ ಕಾಯುತ್ತಾ ಕೂತರೆ ಅವರ ಸಮಯ ಹೋಗುತ್ತದೆ, ನಿಮ್ಮದಲ್ಲ.

ಹಾಗಾದರೆ ಸಹಿ ಮಾಡಬೇಕಾ, ಬೇಡವಾ? ಬೇಡ.

ಫಾರ್ಮಾಲಿಟಿ ಅನ್ನುವ ಮಾತನ್ನು ನಂಬಬೇಡಿ. ಅವರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ, ಜಾಮೀನು ಕೇಳುವ ಎಲ್ಲರೂ ಹಾಗೇ ನಂಬಿರುತ್ತಾರೆ. ಕಾನೂನು ಹಾಗೆ ನೋಡುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ, ಪತ್ರದಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಸಾಲ ತೆಗೆದುಕೊಂಡವರ ಹೊಣೆ ಎಷ್ಟೋ ಜಾಮೀನುದಾರರ ಹೊಣೆಯೂ ಅಷ್ಟೇ. ಮೊದಲು ಸಾಲಗಾರರ ಹತ್ತಿರ ವಸೂಲಿ ಮಾಡಿ, ಆಗದಿದ್ದರೆ ಮಾತ್ರ ಜಾಮೀನುದಾರರ ಹತ್ತಿರ ಬರಬೇಕು ಅಂತಿಲ್ಲ. ಸುಪ್ರೀಂ ಕೋರ್ಟ್ 1968ರಲ್ಲೇ ಇದನ್ನು ಸ್ಪಷ್ಟಪಡಿಸಿದೆ. ನೌಕರರ ಸಂಘಗಳಲ್ಲಂತೂ ಜಾಮೀನು ಪತ್ರದ ಜೊತೆಗೆ ‘ನನ್ನ ಸಂಬಳದಿಂದ ಮುರಿದುಕೊಳ್ಳಬಹುದು’ ಅನ್ನುವ ಒಪ್ಪಿಗೆಗೂ ಸಾಮಾನ್ಯವಾಗಿ ಸಹಿ ಹಾಕಿಸಿಕೊಳ್ಳುತ್ತಾರೆ. ಸಂಘದಿಂದ ಪತ್ರ ಬಂದರೆ ಏನಾಗುತ್ತದೆ ಅಂತ ಬಿಲ್ ಮಾಡುವ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಒಂದು ಲೆಕ್ಕ ಹಾಕಿ ನೋಡಿ. 6 ಲಕ್ಷಕ್ಕೆ ಶೇ 12 ಬಡ್ಡಿ, ಐದು ವರ್ಷ ಅವಧಿ ಅಂದುಕೊಂಡರೆ ಕಂತು ತಿಂಗಳಿಗೆ ಸುಮಾರು 13,300 ರೂಪಾಯಿ. ಇಬ್ಬರು ಜಾಮೀನುದಾರರು ಇದ್ದು ಅರ್ಧರ್ಧ ಹಂಚಿಕೊಂಡರೂ ನಿಮ್ಮ ಪಾಲಿಗೆ 6,600 ದಾಟುತ್ತದೆ. ನೀವು ಕಟ್ಟಿದ ಹಣವನ್ನು ಅವರಿಂದ ವಾಪಸ್ ಪಡೆಯುವ ಹಕ್ಕನ್ನು ಅದೇ ಕಾಯ್ದೆ ಕೊಟ್ಟಿದೆ. ಆದರೆ ಅಪ್ಪನನ್ನು ಉಳಿಸಿದವರ ಮೇಲೆ ನೀವು ಕೇಸು ಹಾಕುತ್ತೀರಾ? ಇಲ್ಲ. ಸುಮ್ಮನೆ ಕಟ್ಟುತ್ತೀರಿ, ತಿಂಗಳು ತಿಂಗಳೂ ಒಳಗೊಳಗೇ ಕುದಿಯುತ್ತೀರಿ. ಜಾಮೀನು ಹಾಕುವ ಮೊದಲು ಯಾರೇ ಆಗಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಈ ಹಣವನ್ನು ಪೂರ್ತಿ ನಾನೇ ಕಟ್ಟಬೇಕಾಗಿ ಬಂದರೂ ಇವರ ಜೊತೆ ಕೂತು ಮೊದಲಿನ ಹಾಗೇ ಊಟ ಮಾಡುತ್ತೇನಾ? ಹೌದು ಅನ್ನಿಸಿದರೆ ಧಾರಾಳವಾಗಿ ಸಹಿ ಮಾಡಿ. ನಿಮಗೆ ಹಾಗನ್ನಿಸಿಲ್ಲ, ಪತ್ರದಲ್ಲೇ ಕಾಣುತ್ತದೆ.

ಇನ್ನು ಉಪಕಾರದ ವಿಷಯ. ಅದು ಚಿಕ್ಕದಲ್ಲ. ಆ ಎರಡನೇ ಅಲೆಯಲ್ಲಿ ಸ್ವಂತ ಅಣ್ಣತಮ್ಮಂದಿರೇ ಆಸ್ಪತ್ರೆ ಬಾಗಿಲಿಗೆ ಬರಲು ಹೆದರಿದ್ದರು. ಅಂಥ ಹೊತ್ತಿನಲ್ಲಿ ಇವರು ಜೀವದ ಮೇಲಿನ ಆಸೆ ಬದಿಗಿಟ್ಟು ಓಡಿದರು. ಅದನ್ನು ಮರೆಯಿರಿ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಆದರೆ ಮುಂದೊಂದು ದಿನ ಇವಳ ಸಹಿ ಬೇಕಾಗುತ್ತದೆ ಅಂತ ಲೆಕ್ಕ ಹಾಕಿ ಅವರು ಓಡಲಿಲ್ಲ. ಅಂದು ಅವರು ಕೊಟ್ಟದ್ದು ಹಣವನ್ನೂ ಅಲ್ಲ. ಓಡಾಟ ಕೊಟ್ಟರು, ನಿದ್ದೆ ಕೊಟ್ಟರು, ಯಾರ್‍ಯಾರಿಗೋ ಫೋನ್ ಮಾಡಿ ಬೇಡಿಕೊಂಡರು. ನೀವೂ ಅದನ್ನೇ ಕೊಡಿ.

ಕೊಡಲು ನಿಮ್ಮ ಹತ್ತಿರ ಬೇಕಾದಷ್ಟಿದೆ. ಕಾಗದಪತ್ರದ ಕೆಲಸ ನಿಮ್ಮಷ್ಟು ಚೆನ್ನಾಗಿ ಬರುವವರು ಆ ಕಚೇರಿಯಲ್ಲಿ ಎಷ್ಟು ಜನ ಇದ್ದಾರೆ? ಓದಿಗೆ ಸಾಲ ಅಂದ ಮೇಲೆ ಮೊದಲು ಕೇಳಬೇಕಾದದ್ದು ಬ್ಯಾಂಕಿನ ಶಿಕ್ಷಣ ಸಾಲ. ತಂದೆ ಅಥವಾ ತಾಯಿ ಸಹ-ಸಾಲಗಾರರಾದರೆ ಸಾಕು. ಕೇಂದ್ರ ಸರ್ಕಾರದ ಸಾಲ ಖಾತರಿ ಯೋಜನೆಯಡಿ ಏಳೂವರೆ ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಅಡಮಾನವೂ ಬೇಡ, ಮೂರನೆಯವರ ಜಾಮೀನೂ ಬೇಡ. ಅವರಿಗೆ ಬೇಕಿರುವುದು ಆರು ಲಕ್ಷ! ನಿಮ್ಮ ಸಹಿಯೇ ಬೇಡದ ದಾರಿ ಇರುವಾಗ ಇಬ್ಬರೂ ಇಷ್ಟು ದಿನ ಸಂಕಟಪಟ್ಟಿದ್ದೀರಿ. ಬ್ಯಾಂಕು ಆರೂ ಲಕ್ಷವನ್ನು ಒಟ್ಟಿಗೆ ಕೈಗೆ ಕೊಡುವುದಿಲ್ಲ. ವರ್ಷ ವರ್ಷದ ಶುಲ್ಕವನ್ನು ನೇರ ಕಾಲೇಜಿಗೆ ಕಟ್ಟುತ್ತದೆ. ಕೊಟ್ಟಷ್ಟಕ್ಕೇ ಬಡ್ಡಿ. ಓದು ಮುಗಿಯುವವರೆಗೆ, ಅದಾದ ಮೇಲೂ ಒಂದಿಷ್ಟು ಕಾಲ, ಕಂತು ಕಟ್ಟಬೇಕಾಗಿಲ್ಲ. ಆಗಲೇ ಎರಡು ಕಂತು ಮುರಿಯುತ್ತಿರುವವರಿಗೆ ಇದು ದೊಡ್ಡ ಆಸರೆ. ಅರ್ಜಿಯನ್ನು ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಹಾಕಬಹುದು. ಒಂದು ಭಾನುವಾರ ಅವರ ಮನೆಗೆ ಹೋಗಿ, ಮಗಳನ್ನೂ ಕೂರಿಸಿಕೊಂಡು ನೀವೇ ತುಂಬಿಕೊಡಿ. ಮ್ಯಾನೇಜರ್ ‘ನಾಳೆ ಬನ್ನಿ’ ಅಂತ ಸತಾಯಿಸಿದರೆ ಅರ್ಧ ದಿನ ರಜೆ ಹಾಕಿ ಜೊತೆಗೆ ಹೋಗಿ ಕೂತುಕೊಳ್ಳಿ.

ಈ ವರ್ಷದ ಮೊದಲ ಶುಲ್ಕಕ್ಕೆ ತುರ್ತಾಗಿ ಹಣ ಬೇಕಾದರೆ ಅವರ ಕೆಜಿಐಡಿ (ರಾಜ್ಯ ಸರ್ಕಾರಿ ನೌಕರರ ವಿಮೆ) ಪಾಲಿಸಿ ಮೇಲೆ ಸಾಲ ಸಿಗಬಹುದು. 2006ರ ಏಪ್ರಿಲ್ 1ಕ್ಕಿಂತ ಮೊದಲು ಕೆಲಸಕ್ಕೆ ಸೇರಿದವರಾದರೆ ಜಿಪಿಎಫ್ (ಭವಿಷ್ಯ ನಿಧಿ) ಮುಂಗಡ ಇದೆ. ಆಮೇಲೆ ಸೇರಿದ್ದು, ಎನ್‌ಪಿಎಸ್‌ (ಹೊಸ ಪಿಂಚಣಿ ಯೋಜನೆ) ನಲ್ಲಿದ್ದರೆ, ಮಕ್ಕಳ ಉನ್ನತ ಶಿಕ್ಷಣಕ್ಕಾಗಿ ತಾವು ಕಟ್ಟಿದ ವಂತಿಗೆಯ ಶೇ 25ರವರೆಗೆ ತೆಗೆಯಬಹುದು. ಇವೆಲ್ಲ ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಈಗ ಕಷ್ಟದ ಭಾಗ, ಹೇಳುವುದು. ವಾಟ್ಸಾಪಿನಲ್ಲಿ ಬೇಡ. ನಾಲ್ಕು ಜನ ಇರುವ ಕಡೆ ಬೇಡ. ‘ಸರ್, ಐದು ನಿಮಿಷ ಮಾತಾಡಬೇಕು’ ಅಂತ ನೀವೇ ಕರೆಯಿರಿ. ಹೀಗೆ ಹೇಳಬಹುದು: ‘ಸರ್, ಜಾಮೀನಿಗೆ ಸಹಿ ಮಾಡೋಕೆ ನನ್ನಿಂದ ಆಗಲ್ಲ. ಮೂರು ವಾರ ಹೇಳದೇ ನಿಮ್ಮನ್ನ ಕಾಯಿಸಿದೆ, ಅದು ತಪ್ಪಾಯ್ತು. ಆದರೆ ಮಗಳ ಸೀಟು ತಪ್ಪಬಾರದು. ಜಾಮೀನಿಲ್ಲದೆ ಬ್ಯಾಂಕಲ್ಲಿ ಸಾಲ ಸಿಗುತ್ತೆ. ಪೂರ್ತಿ ಓಡಾಟ ನನ್ನದು.’ ಅಷ್ಟೇ. ಆಮೇಲೆ ಸುಮ್ಮನಿರಿ, ಅವರು ಮಾತಾಡಲಿ.

‘ನಮ್ಮನೆಯವರು ಒಪ್ಪಲ್ಲ ಸರ್’ ಅಂತ ಮಾತ್ರ ಹೇಳಬೇಡಿ. ನಮ್ಮಲ್ಲಿ ಹೆಣ್ಣುಮಕ್ಕಳು ಇಲ್ಲ ಅನ್ನಲು ಗಂಡನ ಹೆಸರು ಮುಂದೆ ಮಾಡುವುದು ತುಂಬಾ ಸುಲಭವಾಗಿಬಿಟ್ಟಿದೆ. ಆ ಮಾತಿನಿಂದ ಎರಡು ಕೆಡುಕು ಆಗುತ್ತದೆ. ಆ ಹಿರಿಯರ ಕಣ್ಣಿಗೆ ನಿಮ್ಮ ಗಂಡ ಖಳನಾಗುತ್ತಾರೆ, ನಾಳೆ ಮದುವೆ ಮುಂಜಿಯಲ್ಲಿ ಇಬ್ಬರೂ ಎದುರಾದಾಗ ಮುಖ ಸಿಂಡರಿಸಿಕೊಳ್ಳುತ್ತಾರೆ. ಇನ್ನೊಂದು, ಗಂಡನನ್ನು ಒಪ್ಪಿಸಿದರೆ ಕೆಲಸ ಆಗುತ್ತದೆ ಅಂತ ಅವರು ಮನೆಗೇ ಬರಬಹುದು. ಆಗ ಎಲ್ಲ ಮೊದಲಿನಿಂದ ಶುರು. ಇದು ನಿಮ್ಮ ಸಂಬಳ, ನಿಮ್ಮ ಸಹಿ, ನಿಮ್ಮ ತೀರ್ಮಾನ. ‘ನನ್ನಿಂದ ಆಗಲ್ಲ’ ಅನ್ನುವುದರಲ್ಲಿ ಅವರಿಗೂ ಗೌರವ ಇದೆ.

ಅವರ ಎರಡು ಸಾಲದ ಮಾತನ್ನೂ ಎತ್ತಬೇಡಿ. ಅದು ನಿಮಗೆ ಗೊತ್ತಾಗಿರುವುದು ಕೆಲಸದ ಕಾರಣಕ್ಕೆ. ಬೇರೆಯವರು ‘ಯಾಕೆ ಸಹಿ ಮಾಡಲಿಲ್ಲ?’ ಅಂತ ಕೆದಕಿದರೂ ಅದು ಹೊರಗೆ ಬರಬಾರದು.

ಅವರು ಒಂದಷ್ಟು ದಿನ ಮಾತು ಬಿಡಬಹುದು. ಬಿಡಲಿ, ಸಹಿಸಿಕೊಳ್ಳಿ. ನೀವು ಮಾತ್ರ ಬೆಳಗ್ಗೆ ‘ನಮಸ್ಕಾರ ಸರ್’ ಅನ್ನುವುದನ್ನು ನಿಲ್ಲಿಸಬೇಡಿ, ಅರ್ಜಿ ಎಲ್ಲಿಗೆ ಬಂತು ಅಂತ ಕೇಳುವುದನ್ನೂ ಬಿಡಬೇಡಿ. ಹಣವನ್ನೂ ಒಂದಿಷ್ಟು ಕೊಡಬೇಕು ಅನ್ನಿಸಿದರೆ, ವಾಪಸ್ ಬರದಿದ್ದರೂ ಪರವಾಗಿಲ್ಲ ಅನ್ನುವಷ್ಟನ್ನೇ ಕೊಡಿ. ಅದನ್ನು ಮಾತ್ರ ಗಂಡನ ಜೊತೆ ಕೂತು ಮಾತಾಡಿಯೇ ಕೊಡಿ. ಅವರ ಸಿಟ್ಟಿನ ಹಿಂದೆ ಭಯ ಇದೆ. ನೀವು ಜಾಮೀನು ಹಾಕುತ್ತಿಲ್ಲ ಅಂತ ಗೊತ್ತಾದರೆ ಅವರೇ ಜಾಸ್ತಿ ಕೊಡೋಣ ಅನ್ನಬಹುದು.

2022ರ ಸಹಿಯ ಬಗ್ಗೆ: ಈ ವಾರವೇ ಸಂಘದ ಕಾರ್ಯದರ್ಶಿಗೆ ಒಂದು ಅರ್ಜಿ ಬರೆಯಿರಿ. ಆ ಸಾಲದಲ್ಲಿ ಬಾಕಿ ಎಷ್ಟು, ಕಂತು ಸರಿಯಾಗಿ ಬರುತ್ತಿದೆಯಾ, ಸುಸ್ತಿ (ಕಂತು ಕಟ್ಟದೆ ಬಾಕಿ) ಆಗಿದೆಯಾ ಅಂತ ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ. ಸಾಲ ತೀರಿದ್ದರೆ ತೀರಿದೆ ಅಂತ ಪತ್ರ ತೆಗೆದುಕೊಳ್ಳಿ. ಸುಸ್ತಿ ಆಗಿದ್ದರೆ ಆ ಸಹೋದ್ಯೋಗಿಯ ಜೊತೆ ಈಗಲೇ ಮಾತಾಡಿ, ಬಡ್ಡಿ ಬೆಳೆಯಲು ಬಿಡಬೇಡಿ. ತಕರಾರು ಬಂದರೆ ನಿಮ್ಮ ಜಿಲ್ಲಾ ಅಥವಾ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಅಥವಾ ಸಮಿತಿಗೆ ಹೋಗಿ. ಮಹಿಳೆಯರಿಗೆ ಅಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ. ಸಹಾಯವಾಣಿ ಸಂಖ್ಯೆ 15100.