ಅಮೆರಿಕದಲ್ಲಿ ಔಷಧಿ ಇಷ್ಟೊಂದು ದುಬಾರಿ ಯಾಕೆ? ಕಂಪನಿಗಳ ರಾಜಕೀಯ ಪ್ರಭಾವ ಕಾರಣವೇ?

ಹೌದು, ಅದೂ ಒಂದು ದೊಡ್ಡ ಕಾರಣ. 2003ರ ಮೆಡಿಕೇರ್ ಕಾನೂನನ್ನೇ ನೋಡಿ. ಮೆಡಿಕೇರ್ ಅಂದರೆ ಮುಖ್ಯವಾಗಿ 65 ದಾಟಿದವರಿಗೆ ಅಲ್ಲಿನ ಸರ್ಕಾರ ನಡೆಸುವ ಆರೋಗ್ಯ ವಿಮೆ. ಆ ಕಾನೂನು ಮಾತ್ರೆಗಳ ಖರ್ಚನ್ನೂ ವಿಮೆಯೊಳಗೆ ತಂದಿತು. ಒಳ್ಳೆಯದೇ. ಆದರೆ ಕಂಪನಿಗಳ ಜೊತೆ ಸರ್ಕಾರ ಬೆಲೆ ಚೌಕಾಸಿ ಮಾಡುವಂತಿಲ್ಲ ಎಂದೂ ಅದರಲ್ಲಿ ಬರೆದಿದ್ದರು! ಕೋಟಿಗಟ್ಟಲೆ ಜನರ ಪರವಾಗಿ ಕೊಳ್ಳುವವರ ಬಾಯಿಯನ್ನೇ ಕಟ್ಟಿದ ಹಾಗಾಯಿತು, ಅಲ್ವಾ? ಮಾಜಿ ಸೈನಿಕರ ಇಲಾಖೆ ಮಾತ್ರ ಚೌಕಾಸಿ ಮಾಡಿ ಎಷ್ಟೋ ಔಷಧಿಗಳನ್ನು ಕಡಿಮೆ ಬೆಲೆಗೆ ಕೊಳ್ಳುತ್ತಿತ್ತು.

ಈ ಕಾನೂನು ರೂಪಿಸುವುದರಲ್ಲಿ ಮುಂದಿದ್ದ ಸಂಸದ ಬಿಲ್ಲಿ ಟೌಜಿನ್, 2005ರಲ್ಲಿ ಔಷಧಿ ಕಂಪನಿಗಳ ಒಕ್ಕೂಟದ ಮುಖ್ಯಸ್ಥರಾದರು. ಇದಕ್ಕೆ ಕಾನೂನಿನ ಅಡ್ಡಿ ಇರಲಿಲ್ಲ. ನನಗೆ ಸಿಟ್ಟು ಬರುವುದೂ ಅದಕ್ಕೇ.

ಚೌಕಾಸಿಯ ಮೇಲಿನ ಆ ತಡೆ ಸಡಿಲವಾಗಿದ್ದು 2022ರ ಹೊಸ ಕಾನೂನಿನಿಂದ. ಅದೂ ಪೂರ್ತಿ ಅಲ್ಲ, ಆಯ್ದ ಔಷಧಿಗಳಿಗೆ ಮಾತ್ರ. ಮೊದಲ 10 ಔಷಧಿಗಳ ಹೊಸ ಬೆಲೆ ಜಾರಿಯಾಗುವ ದಿನ 2026ರ ಜನವರಿ 1. ಮೆಡಿಕೇರ್ ವಿಮೆ ಇರುವವರು ಇನ್ಸುಲಿನ್‌ಗೆ ತಿಂಗಳಿಗೆ 35 ಡಾಲರ್‌ಗಿಂತ ಜಾಸ್ತಿ ಕೊಡಬೇಕಿಲ್ಲ ಎಂದಿದ್ದೂ ಅದೇ ಕಾನೂನು. ಖಾಸಗಿ ವಿಮೆ ಇರುವವರಿಗೂ ಈ ಮಿತಿ ಕೊಡಿಸುವ ಪ್ರಯತ್ನ ಸೆನೆಟ್‌ನಲ್ಲಿ ಬಿದ್ದುಹೋಯಿತು. ಪರವಾಗಿ 57 ಮತ ಬಂದಿದ್ದವು, ಬೇಕಿದ್ದದ್ದು 60.