ರಾತ್ರಿ ಹನ್ನೊಂದರ ಕಡಲೆಬೀಜದ ಡಬ್ಬಿ

ಇವರನ್ನು ಸುಮಾ ಅಂತ ಕರೆಯೋಣ. ನಿಜವಾದ ಹೆಸರಲ್ಲ. ಮನೆಯ ವಿವರಗಳನ್ನೂ ಅಲ್ಲಲ್ಲಿ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. "ಬರೀರಿ ಮೇಡಂ, ನನ್ನ ತೂಕ ಒಂದು ಬರೀಬೇಡಿ" ಅಂದಿದ್ದರು. ಬರೆಯುವುದಿಲ್ಲ. ಅದು ಅವರೊಬ್ಬರಿಗಾಗಿ ಅಲ್ಲ. ಇಂಥದ್ದನ್ನು ಓದುವವರಲ್ಲಿ ಕೆಲವರು ಕೆಜಿ ಲೆಕ್ಕ ಕಂಡ ಕೂಡಲೇ ತಮ್ಮದರ ಜೊತೆ ತಾಳೆ ನೋಡಲು ಕೂರುತ್ತಾರೆ.

ಸುಮಾಗೆ 41 ವರ್ಷ. ಮೈಸೂರಿನಲ್ಲಿ ಮನೆ, ಮಂಡ್ಯದ ಕಡೆ ತವರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾರೆ. ಜೂನ್‌ನಲ್ಲಿ, ಶಾಲೆ ಶುರುವಾದ ಮೊದಲ ವಾರವೇ ಆಪ್ತಸಲಹೆಗೆ ಅಂತ ನನ್ನ ಬಳಿ ಬಂದರು. ಬಂದದ್ದು ತಮಗಾಗಿ ಅಲ್ಲ, ಮಗಳಿಗಾಗಿ. ಹನ್ನೆರಡು ವರ್ಷದ ಹುಡುಗಿ ಊಟಕ್ಕೆ ಕೂತವಳು "ಅಮ್ಮಾ, ಎರಡನೇ ಚಪಾತಿ ತಿಂದ್ರೆ ದಪ್ಪ ಆಗ್ತೀನಾ?" ಅಂತ ಕೇಳಿದ್ದಳಂತೆ.

"ಇವಳಿಗೆ ಇದೆಲ್ಲ ಯಾರು ಹೇಳಿಕೊಟ್ರೋ" ಅಂದರು ಸುಮಾ. ಮಾತು ಮುಗಿಯುವ ಮೊದಲೇ ಕಣ್ಣು ತುಂಬಿತ್ತು. ಯಾರು ಅಂತ ಅವರಿಗೆ ಗೊತ್ತಿತ್ತು.

ಕತೆ ಜನವರಿಯಿಂದ ಶುರು. ರಕ್ತ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ 6.1 ಬಂತು. ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆ ಅದು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತ ಹಾಗೆ. ಸುಮಾ ಅವರ ತಾಯಿಗೆ ಇಪ್ಪತ್ತು ವರ್ಷದಿಂದ ಶುಗರ್. ಕಾಲಿನ ಹುಣ್ಣು ತಿಂಗಳುಗಟ್ಟಲೆ ಒಣಗದೆ ಇದ್ದದ್ದನ್ನು ಮಗಳು ಹತ್ತಿರದಿಂದ ನೋಡಿದವರು. ಹೆದರಿಕೆ ಸುಳ್ಳಲ್ಲ.

ಡಾಕ್ಟರು ಹೇಳಿದ್ದು ಸರಳವಾಗಿತ್ತು. ಬಿಳಿ ಅನ್ನ ಕಮ್ಮಿ ಮಾಡಿ, ಕಾಳು, ಸೊಪ್ಪು, ತರಕಾರಿ ಜಾಸ್ತಿ ಮಾಡಿ, ದಿನಾ ನಡೀರಿ. ಸುಮಾ ಅಷ್ಟಕ್ಕೆ ನಿಲ್ಲಲಿಲ್ಲ. ಫೋನಿನಲ್ಲಿ 21 ದಿನದ ಚಾಲೆಂಜಿನ ಗುಂಪೊಂದು ಸಿಕ್ಕಿತು. ಎಲ್ಲವೂ ಗಿಡದಿಂದಲೇ ಬರಬೇಕು, ಯಾವುದೂ ಪಾಲಿಶ್ ಆಗಿರಬಾರದು. ಹಾಲು, ಮೊಸರು, ತುಪ್ಪ ಮುಟ್ಟೋ ಹಾಗಿಲ್ಲ. ಎಣ್ಣೆ, ಉಪ್ಪು, ಸಕ್ಕರೆ ಕೂಡ ಇಲ್ಲ. 21 ದಿನ ಮುಗಿಯಿತು, ಇನ್ನೊಂದು 21 ಶುರುವಾಯಿತು. ಜೂನ್ ಹೊತ್ತಿಗೆ ಆರನೆಯದು ನಡೆಯುತ್ತಿತ್ತು.

ದಿನದಲ್ಲಿ ಏನೇನು ತಿಂತೀರಿ ಅಂತ ಕೇಳಿದೆ. ಬೆಳಿಗ್ಗೆ ಬೂದುಗುಂಬಳದ ಜ್ಯೂಸು. ಮಧ್ಯಾಹ್ನ ಒಂದು ಬಟ್ಟಲು ಹೆಸರುಬೇಳೆ ಕೋಸಂಬರಿ, ಒಗ್ಗರಣೆ ಇಲ್ಲ, ಉಪ್ಪಿಲ್ಲ. ಸಂಜೆ ಪಪ್ಪಾಯಿ. ರಾತ್ರಿ ಏಳಕ್ಕೆ ತರಕಾರಿ ಸೂಪು, ಆಮೇಲೆ ಬಾಯಿ ಬಂದ್.

"ಆಮೇಲೆ?"

ಸುಮ್ಮನಾದರು. ಸೆರಗಿನ ತುದಿ ಸುತ್ತಿಕೊಂಡರು. "ಹನ್ನೊಂದಕ್ಕೆ ಎಲ್ರೂ ಮಲಗಿದ ಮೇಲೆ ಅಡುಗೆಮನೆಗೆ ಹೋಗ್ತೀನಿ. ಹುರಿದ ಕಡಲೆಬೀಜದ ಡಬ್ಬಿ ಇದೆ. ದೀಪ ಹಾಕಲ್ಲ. ನಿಂತ್ಕೊಂಡೇ ತಿಂತೀನಿ. ಕೆಲವು ಸಲ ಅರ್ಧ ಡಬ್ಬಿ ಖಾಲಿ ಆಗೋವರೆಗೂ ಕೈ ನಿಲ್ಲಲ್ಲ. ಬೆಲ್ಲದ ಡಬ್ಬಿನೂ ಪಕ್ಕದಲ್ಲೇ ಇರುತ್ತೆ." ವಾರಕ್ಕೆ ಎರಡು ಮೂರು ರಾತ್ರಿ ಹೀಗೆ. ಮಾರನೇ ದಿನ ಪ್ರಾಯಶ್ಚಿತ್ತವಾಗಿ ಜ್ಯೂಸು ಮಾತ್ರ. ಅದರ ಮಾರನೇ ರಾತ್ರಿ ಮತ್ತೆ ಡಬ್ಬಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಇಂಥ ಮಾತು ಕೇಳಿದಾಗ ನಾನು ಮೊದಲು ವಿಚಾರಿಸುವುದು ವಾಂತಿ ಮಾಡಿಕೊಳ್ಳುತ್ತಾರಾ, ಭೇದಿ ಆಗಲಿ ಅಂತ ಮಾತ್ರೆ ತಗೊಳ್ಳುತ್ತಾರಾ, ತಲೆ ಸುತ್ತಿ ಬಿದ್ದಿದ್ದಾರಾ, ಬದುಕು ಬೇಡ ಅನ್ನಿಸಿದೆಯಾ ಅಂತ. ಇದರಲ್ಲಿ ಒಂದಿದ್ದರೂ ಆಪ್ತಸಲಹೆ ಒಂದೇ ಸಾಲದು. ಸುಮಾ ವಿಷಯದಲ್ಲಿ ಇವ್ಯಾವುದೂ ಇರಲಿಲ್ಲ. ಆದರೂ ಮುಟ್ಟು ಎರಡು ತಿಂಗಳಿಂದ ತಪ್ಪಿತ್ತು, ಬಾಚಣಿಗೆ ತುಂಬ ಕೂದಲು ಬರುತ್ತಿತ್ತು. ಹಾಗಾಗಿ ಅವರ ಡಾಕ್ಟರ ಬಳಿ ವಾಪಸ್ ಕಳಿಸಿದೆ, ಒಬ್ಬ ಮನೋವೈದ್ಯರನ್ನೂ ಒಮ್ಮೆ ನೋಡಿ ಬರಲು ಹೇಳಿದೆ. ಹಿಮೋಗ್ಲೋಬಿನ್ 10.4 ಇತ್ತು. ಹೆಂಗಸರಿಗೆ 12 ಆದರೂ ಇರಬೇಕು. ಬಿ12 ಕೂಡ ಕಮ್ಮಿ. ಸಲಹೆ ಮುಂದುವರಿಸಿ, ನಡುನಡುವೆ ತೋರಿಸಿ ಅಂದರು ಮನೋವೈದ್ಯರು.

"ನನಗೆ ವಿಲ್‌ಪವರ್ ಇಲ್ಲ ಮೇಡಂ. ಹಗಲು ದೇವತೆ, ರಾತ್ರಿ ರಾಕ್ಷಸಿ" ಅಂದಿದ್ದರು ಸುಮಾ. ಮುಂದಿನ ಸಲ ಬಂದಾಗ ಅವರದೇ ಭಾಷೆಯಲ್ಲಿ ಮಾತಾಡೋಣ ಅನ್ನಿಸಿತು. ಗಣಿತದ ಟೀಚರು ತಾನೇ. ಸೌತೆಕಾಯಿ, ಬೂದುಗುಂಬಳ ನೂರು ಗ್ರಾಂ ತಿಂದರೆ ಸಿಗುವುದು ಹದಿನೈದು ಕ್ಯಾಲರಿ ಆಸುಪಾಸು. ಅದೇ ನೂರು ಗ್ರಾಂ ಕಡಲೆಬೀಜದಲ್ಲಿ 500ಕ್ಕೂ ಜಾಸ್ತಿ. ಹಗಲೆಲ್ಲ ಹೊಟ್ಟೆ ತುಂಬುತ್ತದೆ, ಶಕ್ತಿ ತುಂಬುವುದಿಲ್ಲ. ನಾರು, ನೀರು ಜಾಸ್ತಿ ಇರುವ ಊಟದಲ್ಲಿ ಹೀಗಾಗುವುದು ಸುಲಭ. "ಕತ್ತಲೆಯಲ್ಲಿ ನಿಮ್ಮ ಕೈ ಸೌತೆಕಾಯಿಗೆ ಹೋಗಲಿಲ್ಲ, ನೋಡಿ. ಮನೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಶಕ್ತಿ ಇರೋ ಡಬ್ಬಿಗೇ ಹೋಯ್ತು. ನಿಮ್ಮ ದೇಹಕ್ಕೆ ನಿಮಗಿಂತ ಚೆನ್ನಾಗಿ ಲೆಕ್ಕ ಬರುತ್ತೆ." ಅವತ್ತು ಮೊದಲ ಸಲ ನಕ್ಕರು.

1944-45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ನಡೆದ ಪ್ರಯೋಗದ ಕತೆಯನ್ನೂ ಹೇಳಿದೆ. ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿ ಇಟ್ಟರು. ಯುದ್ಧದಲ್ಲಿ ಹಸಿದವರಿಗೆ ಮತ್ತೆ ಹೇಗೆ ಉಣಿಸಬೇಕು ಅಂತ ತಿಳಿಯಲು. ಹುಡುಗರಿಗೆ ಬರಬರುತ್ತಾ ಊಟದ್ದೇ ಧ್ಯಾನ. ಅಡುಗೆ ಪುಸ್ತಕ ಸೇರಿಸಿಟ್ಟುಕೊಂಡು ಓದಿದರು, ತಟ್ಟೆ ನೆಕ್ಕಿದರು. ಊಟ ಮತ್ತೆ ಸಿಕ್ಕಾಗ ಎಷ್ಟು ತಿಂದರೂ ಹಸಿವು ಹೋಗದವರಿದ್ದರು. ಸುಮಾ ಕೇಳುತ್ತಾ ಕೇಳುತ್ತಾ ಪೆಚ್ಚಾದರು. ಅವರು ಹಾಸಿಗೆಯಲ್ಲಿ ಮಲಗಿಕೊಂಡು ದಿನಾ ಒಂದೂವರೆ ಗಂಟೆ ಅಡುಗೆ ವಿಡಿಯೋ ನೋಡುತ್ತಿದ್ದರು. ಬಿಸಿಬೇಳೆಬಾತಿನದ್ದು, ಒಬ್ಬಟ್ಟಿನದ್ದು. ಅದನ್ನು ನನಗೆ ಹೇಳಿರಲೇ ಇಲ್ಲ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಏನು ತಿಂದಿರಿ, ಆಗ ಮನಸ್ಸು ಹೇಗಿತ್ತು ಅಂತ ಒಂದು ಪುಸ್ತಕದಲ್ಲಿ ಬರೆದು ತನ್ನಿ ಅಂದೆ. ಎಲ್ಲರಿಗೂ ಹೇಳುವ ಮಾತು, ಅಭ್ಯಾಸಬಲ. ಎರಡು ವಾರ ಬಿಟ್ಟು ತಂದರು. ಚೌಕುಳಿ ಪುಸ್ತಕ. ಗ್ರಾಂ ಲೆಕ್ಕದಲ್ಲಿ ಎಲ್ಲವೂ ಇತ್ತು. ಪ್ರತಿ ದಿನದ ಕೆಳಗೆ ಕೆಂಪು ಇಂಕಿನಲ್ಲಿ ಹತ್ತಕ್ಕೆ ಅಂಕ. ಕಡಲೆಬೀಜದ ರಾತ್ರಿಗಳಿಗೆ ಸೊನ್ನೆ. ಒಂದು ದಿನ ಮಗಳ ತಟ್ಟೆಯಿಂದ ಒಂದು ತುತ್ತು ಚಿತ್ರಾನ್ನ ತಿಂದದ್ದಕ್ಕೆ ನಾಲ್ಕು. ಪಥ್ಯ ಬಿಡಿಸಲು ಹೋದ ನಾನೇ ಹೊಸದೊಂದು ಪಥ್ಯ ಕೊಟ್ಟಿದ್ದೆ! ಪುಸ್ತಕ ವಾಪಸ್ ಮಗಳ ರಫ್ ವರ್ಕಿಗೆ ಹೋಯಿತು. ಬರೆಯುವುದು ಬೇಡ, ಊಟಕ್ಕೆ ಮುಂಚೆ "ಹಸಿವಾಗಿದೆಯಾ" ಅಂತ ಒಂದು ಸಲ ಕೇಳಿಕೊಂಡರೆ ಸಾಕು ಅಂದೆ. "ಹಸಿವು ಹೇಗಿರುತ್ತೆ ಅಂತ್ಲೇ ಮರ್ತು ಹೋಗಿದೆ" ಅಂದರು. ಅದು ತಮಾಷೆಯಾಗಿರಲಿಲ್ಲ.

ಪಥ್ಯ ಅನ್ನುವ ಪದದ ಬಗ್ಗೆ ನಾವು ತುಂಬ ಮಾತಾಡಿದೆವು. ಪಥ್ಯ ಅಂದರೆ ಮೂಲದಲ್ಲಿ ಹಿತವಾದದ್ದು, ಒಗ್ಗುವಂಥದ್ದು. ನಮ್ಮ ಬಾಯಲ್ಲಿ ಮಾತ್ರ ಅದು ಬಿಡುವುದರ ಪಟ್ಟಿ ಆಗಿಬಿಟ್ಟಿದೆ. ಆದರೂ ಹಳೆಯ ಪಥ್ಯಕ್ಕೆ ಒಂದು ಕೊನೆ ಇತ್ತು. ಜ್ವರ ಬಿಟ್ಟರೆ ಪಥ್ಯ ಮುಗಿಯಿತು. ಏಕಾದಶಿ ಉಪವಾಸಕ್ಕೂ ಮಾರನೇ ದಿನ ಪಾರಣೆ ಇದೆ. ಸುಮಾ ಪಥ್ಯಕ್ಕೆ ಕೊನೆಯೇ ಇರಲಿಲ್ಲ. ಅವರ ಅತ್ತೆ ಇದನ್ನು ನನಗಿಂತ ಮೊದಲೇ ಹೇಳಿದ್ದರಂತೆ: "ಬಾಣಂತಿಗೂ ಇಷ್ಟು ಪಥ್ಯ ಇಲ್ವಲ್ಲಮ್ಮಾ, ಏನಾಗಿದೆ ನಿನಗೆ?"

ಸುಮಾ ನನ್ನಿಂದ ನಿರೀಕ್ಷಿಸಿದ್ದು ಬೇರೆ. ಇದೆಲ್ಲ ಬಿಟ್ಟುಬಿಡಿ, ಮೊದಲಿನ ಹಾಗೆ ಪೂರಿ, ಬೇಕರಿ ಬನ್ನು ತಿನ್ನಿ ಅಂತ ನಾನು ಹೇಳುತ್ತೇನೆ ಅಂದುಕೊಂಡು ವಾದಕ್ಕೆ ತಯಾರಾಗಿ ಬಂದಿದ್ದರು. ಹೇಳಲಿಲ್ಲ. ಕಾಳು, ಸೊಪ್ಪು, ರಾಗಿ, ಹಣ್ಣು ಇವರಿಗೆ ಒಳ್ಳೆಯದೇ. ಸಕ್ಕರೆಗೂ ಒಳ್ಳೆಯದು, ರುಚಿಯೂ ಇಷ್ಟ. ಮಂಡ್ಯದ ಕಡೆ ಹುಟ್ಟಿದವರಿಗೆ ಮುದ್ದೆ, ಬಸ್ಸಾರು, ಹುರುಳಿ ಕಟ್ಟಿನ ಸಾರು ಯಾವ ಚಾಲೆಂಜೂ ಕಲಿಸಬೇಕಿಲ್ಲ. ಅಜ್ಜಿ ಕಾಲದ ಊಟ ಅದು. ಸಮಸ್ಯೆ ತಟ್ಟೆಯಲ್ಲಿ ಇರಲಿಲ್ಲ. ಅವರು ಮಾತಾಡುವಾಗ ಗಮನಿಸಿದೆ, ಪ್ರತಿ ವಾಕ್ಯವೂ "ಹಾಗಿಲ್ಲ" ಅಂತ ಮುಗಿಯುತ್ತಿತ್ತು. ಅನ್ನ ತಿನ್ನೋ ಹಾಗಿಲ್ಲ. ಮದುವೆಗೆ ಹೋಗೋ ಹಾಗಿಲ್ಲ. "ಬೇಡ" ಅನ್ನುವ ಪದ ಒಂದು ಸಲವೂ ಬರಲಿಲ್ಲ. ನನಗೆ ಇವೆರಡರ ನಡುವಿನ ಅಂತರವೇ ಈ ಇಡೀ ಪ್ರಕರಣ. ಹೊಟ್ಟೆ ತುಂಬಿದವರು ಬೇಡ ಅನ್ನಬಹುದು. ಹಸಿದವರಿಗೆ ಹಾಗಿಲ್ಲ ಅನ್ನುವುದೊಂದೇ ದಾರಿ, ಅದೂ ರಾತ್ರಿ ಹನ್ನೊಂದರವರೆಗೆ.

ಅದಕ್ಕೇ ಮೊದಲ ಎರಡು ತಿಂಗಳು ಏನನ್ನೂ ಬಿಡಿಸಲಿಲ್ಲ. ಡಾಕ್ಟರಿಗೆ ಗೊತ್ತಿದ್ದ ಒಬ್ಬ ಡಯಟಿಷಿಯನ್ ಜೊತೆ ಕೂತು ಸೇರಿಸುತ್ತಾ ಹೋದೆವು. ಬೆಳಿಗ್ಗೆ ಕೆಂಪು ಅವಲಕ್ಕಿ, ಅದಕ್ಕೆ ಕಾಯಿತುರಿ, ಕಡಲೆಬೀಜ. ಮಧ್ಯಾಹ್ನಕ್ಕೆ ಡಬ್ಬಿಯಲ್ಲಿ ಚಪಾತಿ, ಕಾಳು ಪಲ್ಯ. ರಾತ್ರಿ ಎಲ್ಲರ ಜೊತೆ ಕೂತು ಮುದ್ದೆ, ಸಾರು. ಕೋಸಂಬರಿಗೆ ಒಗ್ಗರಣೆ ವಾಪಸ್ ಬಂತು, ಉಪ್ಪೂ. ಒಂದು ಚಮಚ ಎಣ್ಣೆಗೆ ಸುಮಾ ತುಂಬ ಚೌಕಾಸಿ ಮಾಡಿದರು. ಸೊಪ್ಪಿನಲ್ಲಿರುವ ಎ ವಿಟಮಿನ್ನಿನ ಅಂಶ ದೇಹಕ್ಕೆ ಹತ್ತಲು ಸ್ವಲ್ಪ ಜಿಡ್ಡು ಬೇಕೇ ಬೇಕು ಅಂತ ಡಯಟಿಷಿಯನ್ ಹೇಳಿದ ಮೇಲೆ ಒಪ್ಪಿದರು. ಕಾಳಿನ ಜೊತೆ ನಿಂಬೆಹುಳಿ, ಊಟ ಆದ ಕೂಡಲೇ ಕಾಫಿ ಬೇಡ. ಎರಡೂ ಕಬ್ಬಿಣದ ಸಲುವಾಗಿ.

ಕಡಲೆಬೀಜದ ಡಬ್ಬಿಯನ್ನು ಬಚ್ಚಿಡಿ ಅಂತ ಅವರ ಯಜಮಾನರು ಸಲಹೆ ಕೊಟ್ಟಿದ್ದರು. ನಾನು ಉಲ್ಟಾ ಹೇಳಿದೆ. ಶಾಲೆಯಿಂದ ಬಂದ ಮೇಲೆ ಐದು ಗಂಟೆಗೆ, ದೀಪದ ಬೆಳಕಲ್ಲಿ, ತಟ್ಟೆಗೆ ಹಾಕಿಕೊಂಡು, ಕೂತು ತಿನ್ನಿ. ಬೆಲ್ಲದ ಚೂರು ಬೇಕಿದ್ದರೆ ಅದೂ ಇರಲಿ. ಮೊದಲ ವಾರ ಭಯವಾಯಿತಂತೆ, ಎರಡು ಸಲ ಎದ್ದು ಹೋದರಂತೆ. ಮೂರನೇ ವಾರ ರಾತ್ರಿಯ ಭೇಟಿ ಒಂದಕ್ಕಿಳಿದಿತ್ತು.

ಬಿ12 ಮಾತ್ರೆಗೆ ಜಗಳವೇ ಆಯಿತು. "ಗಿಡದಲ್ಲಿ ಎಲ್ಲಾ ಇರುತ್ತೆ ಮೇಡಂ, ಮಾತ್ರೆ ತಗೊಂಡ್ರೆ ಸೋತ ಹಾಗೆ" ಅಂದರು. ಬಿ12 ತಯಾರಿಸುವುದು ಬ್ಯಾಕ್ಟೀರಿಯಾ, ಗಿಡವಲ್ಲ. ಹಾಲು ಮೊಸರನ್ನೂ ಬಿಟ್ಟವರು ಅದನ್ನು ಹೊರಗಿನಿಂದ ತಗೊಳ್ಳಲೇಬೇಕು. ಐದು ತಿಂಗಳಲ್ಲಿ ಖಾಲಿಯಾದದ್ದಲ್ಲ, ಮೊದಲೇ ಕಮ್ಮಿ ಇದ್ದಿರಬೇಕು ಅಂದಿದ್ದರು ಡಾಕ್ಟರು. ಇದರಲ್ಲಿ ಸೋಲು ಗೆಲುವಿನ ಮಾತೆಲ್ಲಿಂದ ಬಂತು ಅಂತ ಕೇಳಿದೆ. ಗುಂಪಿನಿಂದ ಬಂದದ್ದು ಅಂತ ಅವರೇ ಹೇಳಿದರು. ಆ ವಾರ ಗುಂಪು ಬಿಟ್ಟರು. ತೂಕದ ಯಂತ್ರವನ್ನು ಅತ್ತೆ ಕೈಗೆ ಕೊಟ್ಟರು, ಅವರು ಅದನ್ನು ಅಟ್ಟಕ್ಕೆ ಹಾಕಿದರು.

ನಡುವೆ ಒಂದು ದಿನ ಸುಮಾ ಆರ್ಥೋರೆಕ್ಸಿಯಾ ಅನ್ನುವ ಪದ ಹಿಡಿದುಕೊಂಡು ಬಂದರು. ಒಳ್ಳೆಯದನ್ನೇ ತಿನ್ನಬೇಕು ಅನ್ನುವ ಹಟ ಕಾಯಿಲೆಯ ಮಟ್ಟಕ್ಕೆ ಹೋಗುವುದಕ್ಕೆ 1997ರಲ್ಲಿ ಸ್ಟೀವನ್ ಬ್ರಾಟ್‌ಮನ್ ಎಂಬ ಅಮೆರಿಕದ ವೈದ್ಯರು ಇಟ್ಟ ಹೆಸರು. "ನನಗಿರೋದು ಇದೇನಾ?" ಇರಬಹುದು, ಇಲ್ಲದೆಯೂ ಇರಬಹುದು. ಮಾನಸಿಕ ಕಾಯಿಲೆಗಳ ಅಧಿಕೃತ ಪಟ್ಟಿಯಲ್ಲಿ ಅದಿನ್ನೂ ಪ್ರತ್ಯೇಕವಾಗಿ ಸೇರಿಲ್ಲ. ಹೆಸರು ಸಿಕ್ಕಿದರೆ ಅದಕ್ಕೂ ಹತ್ತಕ್ಕೆ ಅಂಕ ಕೊಟ್ಟುಕೊಳ್ಳುತ್ತೀರಿ ಅಂದೆ.

ಮಗಳ ವಿಷಯಕ್ಕೆ ಜಾಸ್ತಿ ಮಾಡಬೇಕಾಗಲಿಲ್ಲ. ದಪ್ಪ, ತೆಳ್ಳಗೆ ಅನ್ನುವ ಮಾತು ಊಟದ ಹೊತ್ತಿನಲ್ಲಿ ಯಾರೂ ಆಡಬಾರದು, ನೆಂಟರು ಆಡಿದರೂ ಮಾತು ಬದಲಿಸಬೇಕು. ಅಮ್ಮ ಜೊತೆಯಲ್ಲಿ ಕೂತು ಅದೇ ಊಟ ಉಣ್ಣಬೇಕು. ಅಷ್ಟೇ. ಹುಡುಗಿ ಚಪಾತಿ ಎಣಿಸುವುದನ್ನು ಯಾವಾಗ ನಿಲ್ಲಿಸಿದಳೋ ಯಾರಿಗೂ ನೆನಪಿಲ್ಲ.

ಸುಮಾ ತರಹ ಒದ್ದಾಡುತ್ತಿರುವವರಿಗೆ ಒಂದು ಮಾತು. ಮುಟ್ಟು ನಿಂತಿದ್ದರೆ, ತಲೆ ಸುತ್ತು ಬರುತ್ತಿದ್ದರೆ, ತಿಂದದ್ದನ್ನು ಹೊರಗೆ ಹಾಕುವ ಯೋಚನೆ ಬಂದರೆ ಮೊದಲು ಡಾಕ್ಟರ ಬಳಿ ಹೋಗಿ. ಮಾತಾಡಲು ಯಾರೂ ಇಲ್ಲದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುತ್ತಿರುವವರು ಇದನ್ನು ಓದಿ ತಮ್ಮ ಊಟ ತಾವೇ ಬದಲಿಸಬೇಡಿ.

ಸೆಪ್ಟೆಂಬರಿನಲ್ಲಿ ಅಕ್ಕನ ಮಗನ ಮದುವೆ. ಆರು ತಿಂಗಳ ನಂತರ ಸುಮಾ ಪಂಕ್ತಿಯಲ್ಲಿ ಕೂತರು. ತುಪ್ಪ ಬೇಡ ಅಂದರು, ಒಬ್ಬಟ್ಟು ಹಾಕಿಸಿಕೊಂಡರು. ಅರ್ಧ ತಿಂದು ಇನ್ನರ್ಧ ಬಾಳೆ ಎಲೆಯಲ್ಲೇ ಬಿಟ್ಟರಂತೆ. "ಭಯಕ್ಕೆ ಬಿಟ್ಟಿದ್ದಲ್ಲ ಮೇಡಂ. ಸಿಹಿ ಜಾಸ್ತಿ ಅನ್ನಿಸ್ತು, ಬೇಡ ಆಯ್ತು." ಆ ಪದ ಬಂದದ್ದನ್ನು ನಾನು ಎತ್ತಿ ತೋರಿಸಲಿಲ್ಲ.

ಅಕ್ಟೋಬರಿನಲ್ಲಿ ಎಚ್‌ಬಿಎ1ಸಿ 5.8. ಮುಟ್ಟು ಸರಿಹೋಗಿದೆ. ಹಿಮೋಗ್ಲೋಬಿನ್ ನಿಧಾನಕ್ಕೆ ಏರುತ್ತಿದೆ. ತೂಕವೂ ಸ್ವಲ್ಪ ಏರಿತು, ಎಷ್ಟು ಅಂತ ಹೇಳುವುದಿಲ್ಲ ಅಂದಿದ್ದೇನಲ್ಲ. ಹಾಲು ಮೊಸರು ಈಗಲೂ ತಗೊಳ್ಳುವುದಿಲ್ಲ. ಅದು ಅವರ ಇಷ್ಟ.

ಡಿಸೆಂಬರಿನಲ್ಲಿ ಫೋನ್ ಮಾಡಿದ್ದರು. ಶಾಲಾ ವಾರ್ಷಿಕೋತ್ಸವಕ್ಕೆ ಹಳೆಯ ಸೀರೆಯ ರವಿಕೆ ಬಿಗಿಯಾಯಿತಂತೆ. ಅಟ್ಟ ಹತ್ತಿ ತೂಕದ ಯಂತ್ರ ಇಳಿಸಿದರಂತೆ.

"ಹತ್ತಿ ನಿಂತ್ರಾ?"

"ನಿಂತೆ ಮೇಡಂ. ಸೆಲ್ಲು ಹೋಗಿತ್ತು. ತರೋಣ ಅಂತ ಅಂಗಡಿ ಕಡೆ ಹೊರಟೆ. ದಾರೀಲಿ ಸೊನೆ ಅವರೆಕಾಯಿ ಗುಡ್ಡೆ ಹಾಕಿದ್ರು. ಎರಡು ಕೆಜಿ ತಗೊಂಡು ವಾಪಸ್ ಬಂದುಬಿಟ್ಟೆ. ಈಗ ಅತ್ತೆ, ನಾನು, ಮಗಳು ಕೂತು ಹಿತಕ್ತಾ ಇದೀವಿ."